ರಾಯಭಾರಿಯನ್ನು ಕರೆಸಿ ಪ್ರತಿಭಟನೆ ದಾಖಲಿಸಿದರು ಅಂತಾರಲ್ಲ, ಅಲ್ಲಿ ನಿಜಕ್ಕೂ ನಡೆಯೋದೇನು?

ತುಂಗಾತೀರ

ಟಿವಿಯಲ್ಲಿ ಆಗಾಗ ಬರುವ ಸಾಲು: ‘ವಿದೇಶಾಂಗ ಸಚಿವಾಲಯವು ಆ ದೇಶದ ರಾಯಭಾರಿಯನ್ನು ಕರೆಸಿಕೊಂಡು ತೀವ್ರ ಪ್ರತಿಭಟನೆ ದಾಖಲಿಸಿದೆ.’ ಅಷ್ಟು ಹೇಳಿ ಮುಂದಿನ ಸುದ್ದಿಗೆ ಹೋಗಿಬಿಡುತ್ತಾರೆ. ಕರೆಸಿದವರು ಯಾರು? ಸಚಿವರೇ ಎದುರು ಕೂರಿಸಿ ಬೈದು ಕಳಿಸುತ್ತಾರಾ? ಏನಾದರೂ ಬರೆದು ಕೊಡುತ್ತಾರಾ? ಕೊಟ್ಟರೆ ಅದು ಎಲ್ಲಿಗೆ ಹೋಗುತ್ತದೆ, ಅದರಿಂದ ಆಗುವುದೇನು?

ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ಓದಿದ್ದೇನೆ. ಪಂಚಶೀಲ, ಅಲಿಪ್ತ ನೀತಿ, ಶಿಮ್ಲಾ ಒಪ್ಪಂದ ಎಲ್ಲ ಬಾಯಿಪಾಠ. ಆದರೆ ಆ ಸಚಿವಾಲಯದ ಒಂದು ಮೇಜಿನ ಹಿಂದೆ ಕುಳಿತ ಅಧಿಕಾರಿ ದಿನವಿಡೀ ಏನು ಮಾಡುತ್ತಾನೆ ಅಂತ ಯಾವ ಪಠ್ಯದಲ್ಲೂ ಇರಲಿಲ್ಲ. ಅಲ್ಲಿ ಕೆಲಸ ಮಾಡಿದವರು, ಹತ್ತಿರದಿಂದ ಬಲ್ಲವರು ಇದ್ದರೆ ದಯವಿಟ್ಟು ಬರೆಯಿರಿ. ಉದ್ದವಾದರೂ ಓದುತ್ತೇನೆ.

ಹಳೇಕಡತ

ವಿದೇಶಾಂಗ ಸೇವೆಯ ‘ಬಿ’ ಶಾಖೆಯಲ್ಲಿ ನೌಕರಿ ಮಾಡಿ ನಿವೃತ್ತನಾದವನು ನಾನು. ದೊಡ್ಡ ಅಧಿಕಾರಿಯಲ್ಲ. ಅಂಥವರ ಕಡತಗಳನ್ನು ಸಿದ್ಧ ಮಾಡಿಕೊಡುತ್ತಿದ್ದವನು. ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ನಿಮ್ಮ ಪ್ರಶ್ನೆ. ರಾಯಭಾರಿಯನ್ನು ಸಚಿವರು ಕರೆಸುವುದು ಅಪರೂಪ. ಯಾರು ಕರೆಸುತ್ತಾರೆ ಎನ್ನುವುದರಲ್ಲೇ ಅರ್ಧ ಸಂದೇಶ ಇರುತ್ತದೆ. ಸಣ್ಣ ತಕರಾರಾದರೆ ಆ ದೇಶದ ವಿಭಾಗ ನೋಡಿಕೊಳ್ಳುವ ಜಂಟಿ ಕಾರ್ಯದರ್ಶಿ ಕರೆಸುತ್ತಾರೆ. ವಿಷಯ ಬಿಗಿಯಾದರೆ ಕಾರ್ಯದರ್ಶಿ ದರ್ಜೆಯವರು. ವಿದೇಶಾಂಗ ಕಾರ್ಯದರ್ಶಿಯೇ ಕರೆಸಿದರು ಅಂದರೆ ಆ ಕಡೆಯ ರಾಜಧಾನಿಯಲ್ಲಿ ಅಂದೇ ಸಭೆ ಸೇರುತ್ತದೆ. ಅತ್ತಲಿಂದ ರಾಯಭಾರಿ ಸ್ವತಃ ಬರುತ್ತಾರಾ, ಅವರ ಕೆಳಗಿನವರನ್ನು ಕರೆಸಿದ್ದಾರಾ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಹಗಲು ಹೊತ್ತಿನಲ್ಲಿ ಕರೆಸುವುದು ಬೇರೆ, ನಡುರಾತ್ರಿ ಕರೆಸುವುದು ಬೇರೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ಮರುದಿನ ಪಾಕಿಸ್ತಾನದ ಪ್ರಭಾರ ರಾಯಭಾರಿಯನ್ನು ರಾತ್ರಿಯೇ ಕರೆಸಿ, ಅವರ ರಕ್ಷಣಾ ಸಲಹೆಗಾರರನ್ನೆಲ್ಲ ಅನಪೇಕ್ಷಿತ ವ್ಯಕ್ತಿಗಳು, ಅಂದರೆ ದೇಶ ಬಿಡಬೇಕಾದವರು ಎಂದು ಘೋಷಿಸಿದ ಪತ್ರ ಕೈಗಿತ್ತರು. ಆ ಹೊತ್ತು ಕೂಡ ಯೋಚಿಸಿ ಇಟ್ಟದ್ದೇ.

ಒಳಗೆ ಕೂಗಾಟ ನಡೆಯುವುದಿಲ್ಲ. ಹೇಳಬೇಕಾದ್ದನ್ನು ಮೊದಲೇ ಬರೆದಿರುತ್ತಾರೆ. ಅಧಿಕಾರಿ ಅದನ್ನು ಓದುತ್ತಾರೆ ಅಥವಾ ಅದರಂತೆ ಮಾತಾಡುತ್ತಾರೆ, ಆಮೇಲೆ ಪ್ರತಿ ಕೊಡುತ್ತಾರೆ. ಇದಕ್ಕೆ ಡಿಮಾರ್ಶ್ ಅನ್ನುತ್ತಾರೆ. ಪಕ್ಕದಲ್ಲಿ ಕಿರಿಯ ಅಧಿಕಾರಿಯೊಬ್ಬರು ಕುಳಿತು ಎರಡೂ ಕಡೆಯ ಮಾತನ್ನು ಬರೆದುಕೊಳ್ಳುತ್ತಾರೆ. ಆ ಬರಹ ಕಡತಕ್ಕೆ ಹೋಗುತ್ತದೆ, ಆ ದೇಶದಲ್ಲಿರುವ ನಮ್ಮ ರಾಯಭಾರಿಗೂ ಹೋಗುತ್ತದೆ. ಇಲ್ಲಿ ಹೇಳಿದ್ದು ಒಂದು, ಅಲ್ಲಿ ನಮ್ಮವರು ಹೇಳಿದ್ದು ಇನ್ನೊಂದು ಆಗಿಬಿಟ್ಟರೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ಇನ್ನು ಮೇಜಿನ ಹಿಂದಿನವರ ವಿಷಯ. ಸಚಿವಾಲಯದ ಬೆನ್ನೆಲುಬು ಅಂದರೆ ಪ್ರಾದೇಶಿಕ ವಿಭಾಗಗಳು. ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್ ಸೇರಿ ಒಂದು. ಬಾಂಗ್ಲಾದೇಶ, ಮ್ಯಾನ್ಮಾರ್ ಸೇರಿ ಒಂದು. ನೇಪಾಳ, ಭೂತಾನ್ ನೋಡಿಕೊಳ್ಳುವುದು ಉತ್ತರ ವಿಭಾಗ. ಚೀನಾ ಪೂರ್ವ ಏಷ್ಯಾ ವಿಭಾಗಕ್ಕೆ. ಶ್ರೀಲಂಕಾ, ಮಾಲ್ದೀವ್ಸ್‌ಗಳಿಗೆ ಹಿಂದೂ ಮಹಾಸಾಗರ ವಿಭಾಗ, ಕೊಲ್ಲಿಗೇ ಬೇರೊಂದು. ಪ್ರತಿಯೊಂದಕ್ಕೂ ಜಂಟಿ ಕಾರ್ಯದರ್ಶಿ ಮುಖ್ಯಸ್ಥರು, ಅವರ ಕೆಳಗೆ ನಿರ್ದೇಶಕರು, ಉಪ ಕಾರ್ಯದರ್ಶಿ, ಅಧೀನ ಕಾರ್ಯದರ್ಶಿ. ಇವಲ್ಲದೆ ಕೆಲಸಕ್ಕೆ ತಕ್ಕಂತೆ ಇನ್ನಷ್ಟು ವಿಭಾಗಗಳು: ಶಿಷ್ಟಾಚಾರ, ಕಾನೂನು ಮತ್ತು ಒಪ್ಪಂದ, ವಿಶ್ವಸಂಸ್ಥೆ, ನಿಶ್ಶಸ್ತ್ರೀಕರಣ, ವಕ್ತಾರರ ಕಚೇರಿ, ಪಾಸ್‌ಪೋರ್ಟ್–ವೀಸಾ. ನೆರೆಹೊರೆಗೆ, ಆಫ್ರಿಕಕ್ಕೆ ನಾವು ಕೊಡುವ ನೆರವು, ಸಾಲ, ಕಟ್ಟಿಸಿಕೊಡುವ ಆಸ್ಪತ್ರೆ–ಸೇತುವೆ ಇವನ್ನೆಲ್ಲ ನೋಡಿಕೊಳ್ಳಲು 2012ರಲ್ಲಿ ಅಭಿವೃದ್ಧಿ ಪಾಲುದಾರಿಕೆ ಆಡಳಿತ ಅಂತ ಪ್ರತ್ಯೇಕ ವಿಭಾಗವೇ ಹುಟ್ಟಿತು.

ಒಂದು ದೇಶದ ಡೆಸ್ಕ್‌ನಲ್ಲಿ ಕುಳಿತ ಅಧೀನ ಕಾರ್ಯದರ್ಶಿಯ ದಿನ ಹೀಗಿರುತ್ತದೆ. ಬೆಳಿಗ್ಗೆ ಆ ದೇಶದ ನಮ್ಮ ರಾಯಭಾರ ಕಚೇರಿಯಿಂದ ರಾತ್ರಿ ಬಂದ ಗೂಢಲಿಪಿ ಸಂದೇಶಗಳನ್ನು ಓದಬೇಕು. ಅಧಿವೇಶನ ನಡೆಯುತ್ತಿದ್ದರೆ ಸಂಸತ್ ಪ್ರಶ್ನೆಗೆ ಉತ್ತರ ಬರೆಯಬೇಕು, ಅದೂ ಮಧ್ಯಾಹ್ನದೊಳಗೆ. ಯಾವುದೋ ಸಚಿವರು ಮುಂದಿನ ವಾರ ಆ ದೇಶಕ್ಕೆ ಹೋಗುತ್ತಿದ್ದರೆ ಅವರಿಗೆ ಮಾತಿನ ಅಂಶಗಳನ್ನು ಬರೆದುಕೊಡಬೇಕು. ಆ ದೇಶದ ರಾಯಭಾರ ಕಚೇರಿಯಿಂದ ಬಂದ ನೋಟ್ ವರ್ಬಾಲ್‌ಗಳಿಗೆ ಉತ್ತರಿಸಬೇಕು. ಈ ನೋಟ್ ವರ್ಬಾಲ್ ಎಂಬ ಪತ್ರಕ್ಕೆ ಸಹಿ ಇರುವುದಿಲ್ಲ, ಮುದ್ರೆ ಮತ್ತು ಚಿಕ್ಕ ಸಹಿ ಮಾತ್ರ. ‘ಸಚಿವಾಲಯವು ರಾಯಭಾರ ಕಚೇರಿಗೆ ತನ್ನ ಗೌರವಗಳನ್ನು ಸಲ್ಲಿಸುತ್ತಾ’ ಎಂದು ಶುರುವಾಗಿ, ‘ಅತ್ಯುನ್ನತ ಗೌರವವನ್ನು ಪುನಃ ತಿಳಿಸಲು ಈ ಅವಕಾಶವನ್ನು ಬಳಸಿಕೊಳ್ಳುತ್ತದೆ’ ಎಂದು ಮುಗಿಯುತ್ತದೆ. ನಡುವಿನ ವಿಷಯ ರಾಯಭಾರ ಕಚೇರಿಯ ಕಾರಿನ ತೆರಿಗೆ ವಿನಾಯಿತಿ ಇರಬಹುದು, ಗಡಿಯಲ್ಲಿ ನಡೆದ ಗುಂಡಿನ ದಾಳಿಯೂ ಇರಬಹುದು. ತಲೆ–ಬಾಲ ಮಾತ್ರ ಅದೇ.

ಮಲೆನಾಡಿಗ_77

ಸರ್, ಓದಿ ತುಂಬಾ ಸಂತೋಷವಾಯಿತು. ಆದರೆ ಒಂದು ಸಂಶಯ. ನೀತಿ ನಿರ್ಧಾರ ಆಗುವುದು ಪ್ರಧಾನಿ ಕಚೇರಿಯಲ್ಲಿ, ರಾಷ್ಟ್ರೀಯ ಭದ್ರತಾ ಸಲಹೆಗಾರರ ಬಳಿ ಅಂತಾರಲ್ಲ? ಹಾಗಿದ್ದರೆ ಈ ಸಚಿವಾಲಯ ಬರೀ ಟಪಾಲು ಕಚೇರಿಯಾ? ಇನ್ನೊಂದು, ವ್ಯಾಪಾರ ಒಪ್ಪಂದದ ಸುದ್ದಿಯಲ್ಲಿ ವಿದೇಶಾಂಗ ಸಚಿವರು ಕಾಣುವುದೇ ಇಲ್ಲ, ವಾಣಿಜ್ಯ ಸಚಿವರೇ ಇರುತ್ತಾರೆ.

ಹಳೇಕಡತ

ಟಪಾಲು ಕಚೇರಿ ಅಲ್ಲ. ಆದರೆ ಎಲ್ಲವೂ ಅವರ ಕೈಯಲ್ಲಿ ಇದೆ ಅನ್ನುವುದೂ ಸುಳ್ಳು. ನೆಹರೂ ಅವರು 1947ರಿಂದ 1964ರವರೆಗೆ ವಿದೇಶಾಂಗ ಖಾತೆಯನ್ನು ತಾವೇ ಇಟ್ಟುಕೊಂಡಿದ್ದರು, ಅಂದಮೇಲೆ ಪ್ರಧಾನಿಯ ಹಿಡಿತ ಮೊದಲಿನಿಂದಲೂ ಇದ್ದದ್ದೇ. 1998ರಲ್ಲಿ ರಾಷ್ಟ್ರೀಯ ಭದ್ರತಾ ಸಲಹೆಗಾರರ ಹುದ್ದೆ ಬಂತು. ಚೀನಾ ಗಡಿ ಕುರಿತ ವಿಶೇಷ ಪ್ರತಿನಿಧಿಗಳ ಮಾತುಕತೆ 2003ರಿಂದ ಆ ಹುದ್ದೆಯಲ್ಲಿರುವವರ ಮೂಲಕವೇ ನಡೆಯುತ್ತದೆ. ಆದರೆ ಅವರು ಮಾತಿಗೆ ಕೂರುವ ಮುನ್ನ ಯಾವ ವರ್ಷ ಯಾರು ಏನು ಒಪ್ಪಿದ್ದರು, ಯಾವ ನಕ್ಷೆಯ ಮೇಲೆ ಯಾರು ಗೆರೆ ಎಳೆದಿದ್ದರು ಎಂದು ತೆಗೆದು ಕೊಡುವುದು ವಿದೇಶಾಂಗದ ಡೆಸ್ಕ್. ಆ ನೆನಪಿನ ಶಕ್ತಿ ಬೇರೆ ಯಾವ ಕಚೇರಿಗೂ ಇಲ್ಲ. 2012ರಿಂದ ಗಡಿ ಸಮಾಲೋಚನೆಗೆ ಜಂಟಿ ಕಾರ್ಯದರ್ಶಿ ಮಟ್ಟದ ವ್ಯವಸ್ಥೆಯೊಂದಿದೆ. 2020ರ ಗಲ್ವಾನ್ ಘರ್ಷಣೆಯ ನಂತರವೂ ಅದು ಮತ್ತೆ ಮತ್ತೆ ಸಭೆ ಸೇರುತ್ತಲೇ ಇತ್ತು. 2024ರ ಅಕ್ಟೋಬರ್‌ನಲ್ಲಿ ಗಸ್ತಿನ ಬಗ್ಗೆ ಒಪ್ಪಂದಕ್ಕೆ ಬಂದಿದ್ದೇವೆ ಎಂದು ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಹೇಳಿದ್ದು ಕೆಲವೇ ನಿಮಿಷದ ಮಾತು. ಅದರ ಹಿಂದೆ ನಾಲ್ಕು ವರ್ಷದ ಬೇಸರ ಹುಟ್ಟಿಸುವ ಸಭೆಗಳು.

ವ್ಯಾಪಾರದ ವಿಷಯ ನೀವು ಹೇಳಿದ್ದು ಸರಿ. ಜಿನೀವಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ನಮ್ಮ ಪ್ರತ್ಯೇಕ ಕಚೇರಿ ಇದೆ, ಅದು ವಾಣಿಜ್ಯ ಸಚಿವಾಲಯದ ಸುಪರ್ದಿ. ಐಎಂಎಫ್, ವಿಶ್ವಬ್ಯಾಂಕ್ ಹಣಕಾಸು ಸಚಿವಾಲಯಕ್ಕೆ. ವೀಸಾ ಮುದ್ರೆ ಒತ್ತುವುದು ರಾಯಭಾರ ಕಚೇರಿ, ಆದರೆ ಯಾರಿಗೆ ಕೊಡಬೇಕೆಂಬ ನೀತಿ ಗೃಹ ಸಚಿವಾಲಯದ್ದು.

ಪದಗಳ ಮೇಲಿನ ಜಗಳ ಹೇಗಿರುತ್ತದೆ ಅನ್ನುವುದಕ್ಕೆ ನಮ್ಮ ಊರಲ್ಲೇ ನಡೆದದ್ದು ಹೇಳುತ್ತೇನೆ. 2023ರ ಫೆಬ್ರುವರಿ ಕೊನೆಯಲ್ಲಿ ಬೆಂಗಳೂರಿನಲ್ಲಿ ಜಿ20 ಹಣಕಾಸು ಸಚಿವರ ಸಭೆ ಆಯಿತಲ್ಲ, ಅಲ್ಲಿ ಜಂಟಿ ಹೇಳಿಕೆ ಹೊರಬರಲಿಲ್ಲ. ಉಕ್ರೇನ್ ಯುದ್ಧದ ಬಗ್ಗೆ ಹಿಂದಿನ ವರ್ಷ ಬಾಲಿಯಲ್ಲಿ ಒಪ್ಪಿದ್ದ ಎರಡು ಪ್ಯಾರಾಗಳಿಗೆ ರಷ್ಯಾ, ಚೀನಾ ಒಪ್ಪಲಿಲ್ಲ. ಕೊನೆಗೆ ‘ಅಧ್ಯಕ್ಷರ ಸಾರಾಂಶ’ ಎಂಬ ಹೆಸರಿನಲ್ಲಿ ದಾಖಲೆ ಬಂತು. 3 ಮತ್ತು 4ನೇ ಪ್ಯಾರಾಗಳಿಗೆ ಈ ಎರಡು ದೇಶಗಳನ್ನು ಬಿಟ್ಟು ಉಳಿದೆಲ್ಲರೂ ಒಪ್ಪಿದ್ದಾರೆ ಎಂದು ಅಡಿಟಿಪ್ಪಣಿ ಹಾಕಿದರು. ಆ ಅಡಿಟಿಪ್ಪಣಿ ಮುಂದಿನ ತಿಂಗಳುಗಳಲ್ಲಿ ಪ್ರತಿ ಸಭೆಯನ್ನೂ ಕಾಡಿತು. ಜುಲೈನಲ್ಲಿ ಹಂಪಿಯಲ್ಲಿ ಶೆರ್ಪಾಗಳ ಸಭೆ ಆಯಿತು. ಶೆರ್ಪಾ ಅಂದರೆ ನಾಯಕರ ಪರವಾಗಿ ಮಾತುಕತೆ ನಡೆಸುವವರು. ಸೆಪ್ಟೆಂಬರ್ 9ರಂದು ದೆಹಲಿಯಲ್ಲಿ ಘೋಷಣೆ ಹೊರಬಂದಾಗ ಅದರಲ್ಲಿ 83 ಪ್ಯಾರಾ, ಒಂದೂ ಅಡಿಟಿಪ್ಪಣಿ ಇಲ್ಲ. ಬಲಪ್ರಯೋಗದಿಂದ ಇನ್ನೊಬ್ಬರ ನೆಲ ಕಸಿಯಬಾರದು ಎಂದು ಎಲ್ಲ ದೇಶಗಳಿಗೂ ಅನ್ವಯಿಸುವಂತೆ ಬರೆದು, ರಷ್ಯಾದ ಹೆಸರೆತ್ತಿ ಖಂಡಿಸದೆ ದಾಟಿಸಿದರು. ಇದಕ್ಕೆ 200 ಗಂಟೆಗೂ ಹೆಚ್ಚಿನ ಮಾತುಕತೆ, 300 ದ್ವಿಪಕ್ಷೀಯ ಭೇಟಿ, 15 ಕರಡು ಬೇಕಾಯಿತು ಎಂದು ನಮ್ಮ ಶೆರ್ಪಾ ಅಮಿತಾಭ್ ಕಾಂತ್ ಆಮೇಲೆ ಹೇಳಿದರು. ಒಪ್ಪಿಗೆಯಾಗದ ಪದಗಳನ್ನು ಕರಡಿನಲ್ಲಿ ಚೌಕ ಆವರಣದೊಳಗೆ ಇಡುತ್ತಾರೆ. ಒಂದೊಂದೇ ಆವರಣ ಬಿಚ್ಚಿಕೊಂಡು ಹೋಗುವುದೇ ಕೆಲಸ.

ಕೃಷ್ಣೆಯ_ದಂಡಿ

ಇದೆಲ್ಲಾ ಖರೇನರಿ, ಓದಾಕ ಚಲೋ ಐತಿ. ಆದ್ರ ಬಡವ್ರ ಮನಿ ಮಂದಿ ಹೊರದೇಶದಾಗ ಸಿಕ್ಕೊಂಡಾಗ ಈ ಪ್ಯಾರಾ, ಅಡಿಟಿಪ್ಪಣಿ ಏನ್ ಉಪಯೋಗ ಬೀಳ್ತಾವ? ಸುಡಾನ್‌ದಾಗ ನಮ್ಮ ಹಕ್ಕಿಪಿಕ್ಕಿ ಮಂದಿ ಸಿಕ್ಕೊಂಡಿದ್ರಲ್ಲ, ಎಣ್ಣಿ ಮಾರಾಕ ಹೋದವ್ರು, ಆವಾಗ ಟ್ವಿಟರ್‌ದಾಗ ನಮ್ಮ ನಾಯಕರಿಗೂ ವಿದೇಶಾಂಗ ಸಚಿವರಿಗೂ ಜಗಳ ಆತು. ಆ ಮಂದಿ ತಿನ್ನಾಕ ಕುಡಿಯಾಕ ಇಲ್ದ ಕುಂತಿದ್ರು. ನನಗ ಅದs ನೆನಪೈತಿ.

ಹಳೇಕಡತ

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಪ್ರಕರಣವನ್ನೇ ಸ್ವಲ್ಪ ಬಿಡಿಸಿ ನೋಡೋಣ, ಯಾಕೆಂದರೆ ಸಚಿವಾಲಯದ ಶಕ್ತಿಯೂ ಮಿತಿಯೂ ಎರಡೂ ಅಲ್ಲಿ ಕಾಣುತ್ತವೆ.

2023ರ ಏಪ್ರಿಲ್ 15ಕ್ಕೆ ಖಾರ್ಟೂಮ್‌ನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಶುರುವಾಯಿತು. ವಿಮಾನ ನಿಲ್ದಾಣವೇ ರಣರಂಗ. ನಮ್ಮ ರಾಯಭಾರ ಕಚೇರಿ ಇದ್ದ ಕಡೆಯೇ ಗುಂಡು ಹಾರುತ್ತಿತ್ತು, ಸಿಬ್ಬಂದಿ ಬೇರೆಡೆಯಿಂದ ಫೋನಿನಲ್ಲೇ ಕೆಲಸ ನಡೆಸಿದರು. ಜನರನ್ನು ಹೊರಗೆ ತರಬೇಕೆಂದರೆ ಕಾದಾಡುತ್ತಿರುವ ಎರಡೂ ಪಡೆಗಳು ದಾರಿ ಬಿಡಬೇಕು. ಆ ಎರಡೂ ಪಡೆಗಳ ಜೊತೆ ಮಾತಾಡಬಲ್ಲ ಸೌದಿ, ಯುಎಇ, ಈಜಿಪ್ಟ್, ಅಮೆರಿಕಗಳಿಗೆ ನಾವು ಫೋನು ಮಾಡಬೇಕು. ಪ್ಯಾರಾ, ಅಡಿಟಿಪ್ಪಣಿ ಅಂದಿರಲ್ಲ, ಅಂಥ ನೂರಾರು ಸಭೆಗಳಲ್ಲಿ ಬೆಳೆದ ಪರಿಚಯವೇ ಆ ಫೋನನ್ನು ಎತ್ತುವಂತೆ ಮಾಡುವುದು. ಏಪ್ರಿಲ್ 24ರಿಂದ ಆಪರೇಷನ್ ಕಾವೇರಿ. ಸುಮಾರು 850 ಕಿ.ಮೀ. ಬಸ್ಸಿನಲ್ಲಿ ಪೋರ್ಟ್ ಸುಡಾನ್‌ಗೆ, ಅಲ್ಲಿಂದ ನೌಕಾಪಡೆಯ ಹಡಗಿನಲ್ಲಿ ಅಥವಾ ವಾಯುಪಡೆ ವಿಮಾನದಲ್ಲಿ ಜೆಡ್ಡಾಕ್ಕೆ, ಅಲ್ಲಿಂದ ಭಾರತಕ್ಕೆ. ಬಸ್ಸಿಗೆ ಡೀಸೆಲ್ ಹೊಂದಿಸುವುದೇ ಹರಸಾಹಸ. ಒಟ್ಟು 3,862 ಜನ ಬಂದರು.

ಮಿತಿ ಎಲ್ಲಿ? ಮೊದಲ ಒಂದು ವಾರ ಯಾರಿಗೂ ಯಾವ ಭರವಸೆಯನ್ನೂ ಕೊಡುವ ಸ್ಥಿತಿ ಇರಲಿಲ್ಲ. ಮನೆಯಿಂದ ಹೊರಬರಬೇಡಿ ಎನ್ನುವುದು ಬಿಟ್ಟು ರಾಯಭಾರ ಕಚೇರಿ ಹೇಳಲು ಏನೂ ಇರಲಿಲ್ಲ. ಹಸಿದು ಕುಳಿತವರಿಗೆ ಅದು ನಿರ್ಲಕ್ಷ್ಯವಾಗಿಯೇ ಕಂಡಿತು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನಿಸುತ್ತಿತ್ತು.

ಕೃಷ್ಣೆಯ_ದಂಡಿ

ಹಂಗಂದ್ರ ತಿಳೀತರಿ. ಆದ್ರೂ ಇಂಥಾ ಮಂದಿ ಎಲ್ಲೆಲ್ಲಿ ಅದಾರ ಅಂತ ಮೊದಲs ಗೊತ್ತಿರಬೇಕಲ್ಲ? ಓದಿದ ಹುಡುಗ್ರು ವೆಬ್‌ಸೈಟಿನ್ಯಾಗ ಹೆಸರ ನೋಂದಾಯಿಸ್ತಾರ. ಊರೂರು ತಿರುಗಿ ಎಣ್ಣಿ ಮಾರೋರಿಗೆ ಯಾರ್ ಹೇಳ್ಯಾರ? ಅದನ್ನ ಸರ್ಕಾರ ಮಾಡಬೇಕು ಅಂತ ನನ್ನ ಮಾತು.

ಕಾನೂನು_ಮೇಷ್ಟ್ರು

ಕೃಷ್ಣೆಯ ದಂಡಿಯವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ರಾಜ್ಯ ಸರ್ಕಾರವೂ ಕೈಜೋಡಿಸದೆ ಅದು ಆಗುವುದಿಲ್ಲ.

ನಾನು ಕಾನೂನು ಪಾಠ ಮಾಡುವವನು. ರಾಯಭಾರಿಗಳ ರಕ್ಷಣೆಯ ಬಗ್ಗೆ ಜನರಲ್ಲಿ ಬಹಳ ಗೊಂದಲ ಇದೆ, ಸ್ವಲ್ಪ ಬರೆಯಬಹುದಾ? ಇಡೀ ವ್ಯವಸ್ಥೆ ನಿಂತಿರುವುದು ಎರಡು ಒಪ್ಪಂದಗಳ ಮೇಲೆ. ರಾಜತಾಂತ್ರಿಕ ಸಂಬಂಧಗಳ 1961ರ ವಿಯೆನ್ನಾ ಒಪ್ಪಂದ ಮತ್ತು ಕಾನ್ಸುಲರ್ ಸಂಬಂಧಗಳ 1963ರ ವಿಯೆನ್ನಾ ಒಪ್ಪಂದ. ರಾಜಧಾನಿಯ ರಾಯಭಾರ ಕಚೇರಿಯಲ್ಲಿರುವ ರಾಜತಾಂತ್ರಿಕರನ್ನು ಬಂಧಿಸುವಂತಿಲ್ಲ, ಆ ದೇಶದ ಕ್ರಿಮಿನಲ್ ನ್ಯಾಯಾಲಯಕ್ಕೆ ಅವರು ಉತ್ತರಿಸಬೇಕಿಲ್ಲ. ಕಚೇರಿಯೊಳಗೆ ಮುಖ್ಯಸ್ಥರ ಒಪ್ಪಿಗೆ ಇಲ್ಲದೆ ಪೊಲೀಸರು ಕಾಲಿಡುವಂತಿಲ್ಲ. ಬೇಡವಾದವರನ್ನು ಕಾರಣ ಕೊಡದೆ ವಾಪಸು ಕಳಿಸಬಹುದು, ಅಷ್ಟೇ ದಾರಿ. ಹೊಸ ರಾಯಭಾರಿಯ ಹೆಸರನ್ನು ಮೊದಲೇ ಗುಟ್ಟಾಗಿ ಕಳಿಸಿ ಒಪ್ಪಿಗೆ ಕೇಳಬೇಕು. ಬೇಡ ಅನ್ನುವುದಕ್ಕೂ ಕಾರಣ ಕೊಡಬೇಕಿಲ್ಲ.

ರಾಜಧಾನಿಯಾಚೆಯ ಊರುಗಳಲ್ಲಿ ವೀಸಾ, ಪಾಸ್‌ಪೋರ್ಟಿನಂಥ ಕೆಲಸ ನೋಡುವ ಕಾನ್ಸುಲೇಟಿನವರಿಗೆ ಇಷ್ಟೆಲ್ಲ ಇಲ್ಲ. ಅವರಿಗೆ ರಕ್ಷಣೆ ಮುಖ್ಯವಾಗಿ ಕಚೇರಿ ಕೆಲಸಕ್ಕೆ ಮಾತ್ರ. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ನಮ್ಮ ಉಪ ಕಾನ್ಸುಲ್ ಜನರಲ್ ಅವರನ್ನು ಮನೆಗೆಲಸದವರ ವೀಸಾ ಮತ್ತು ಸಂಬಳದ ಪ್ರಕರಣದಲ್ಲಿ ಬಂಧಿಸಿದರಲ್ಲ, ಇಡೀ ವಾದ ಈ ವ್ಯತ್ಯಾಸದ ಮೇಲೆಯೇ ನಡೆಯಿತು. ಭಾರತ ಅವರನ್ನು ವಿಶ್ವಸಂಸ್ಥೆಯ ನಮ್ಮ ಕಚೇರಿಗೆ ವರ್ಗ ಮಾಡಿತು, ಪೂರ್ಣ ರಕ್ಷಣೆ ಸಿಕ್ಕಿತು, ಜನವರಿಯಲ್ಲಿ ಅವರು ಊರಿಗೆ ಬಂದರು.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮ ರಾಜ್ಯದಲ್ಲೇ ಹಬ್ಬಿತ್ತು. 2024ರಲ್ಲಿ ಇಲ್ಲಿನ ಸಂಸದರೊಬ್ಬರು ರಾಜತಾಂತ್ರಿಕ ಪಾಸ್‌ಪೋರ್ಟ್ ಹಿಡಿದು ಜರ್ಮನಿಗೆ ಹೋದಾಗ, ಅವರನ್ನು ಯಾರೂ ಮುಟ್ಟುವ ಹಾಗಿಲ್ಲ ಅಂತ ಎಷ್ಟೋ ಜನ ಬರೆದರು. ಕೆಂಗಂದು ಬಣ್ಣದ ಆ ಪಾಸ್‌ಪೋರ್ಟ್ ಸಂಸದರಿಗೂ ಸಿಗುತ್ತದೆ. ಕೆಲವು ದೇಶಗಳಿಗೆ ವೀಸಾ ಬೇಕಾಗುವುದಿಲ್ಲ, ಅಷ್ಟೇ ಅನುಕೂಲ. ಬಂಧನದಿಂದ ರಕ್ಷಣೆ ಬರುವುದು ಪಾಸ್‌ಪೋರ್ಟಿನ ಬಣ್ಣದಿಂದಲ್ಲ. ಆ ದೇಶ ನಿಮ್ಮನ್ನು ರಾಜತಾಂತ್ರಿಕ ಎಂದು ಒಪ್ಪಿಕೊಂಡು ಪಟ್ಟಿಗೆ ಸೇರಿಸಿದರೆ ಮಾತ್ರ ಅದು ಬರುತ್ತದೆ. ವಿದೇಶ ಪ್ರವಾಸಕ್ಕೆ ರಾಜಕೀಯ ಅನುಮತಿಯನ್ನು ಕೇಳಿಯೇ ಇರಲಿಲ್ಲ ಎಂದು ಸಚಿವಾಲಯ ಹೇಳಿತು, 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ನೋಟಿಸ್ ಕೂಡ ಕೊಟ್ಟಿತು.

ಕಡಲಮಗಳು

ಎಲ್ಲರಿಗೂ ನಮಸ್ಕಾರ. ನಿಮ್ಮೆಲ್ಲರ ಮಾತು ಓದುತ್ತಾ ಧೈರ್ಯ ಬಂದು ಕೇಳುತ್ತಿದ್ದೇನೆ. ನನ್ನ ತಮ್ಮ ಕೊಲ್ಲಿಯ ಒಂದು ದೇಶದಲ್ಲಿ ಕಟ್ಟಡ ಕೆಲಸದ ಕಂಪನಿಯಲ್ಲಿದ್ದಾನೆ. ತಿಂಗಳುಗಟ್ಟಲೆ ಸಂಬಳ ಬಂದಿಲ್ಲ. ಪಾಸ್‌ಪೋರ್ಟ್ ಕಂಪನಿಯವರ ಹತ್ತಿರ ಇದೆ. ರಾಯಭಾರ ಕಚೇರಿಗೆ ಹೋದರೆ ಕೆಲಸದಿಂದ ತೆಗೆದುಹಾಕುತ್ತಾರೆ ಅಂತ ಅವನಿಗೆ ಹೆದರಿಕೆ. ಅಮ್ಮ ಊಟ ಬಿಟ್ಟಿದ್ದಾರೆ. ಇಂಥದ್ದಕ್ಕೆ ಈ ಸಚಿವಾಲಯ ಏನಾದರೂ ಮಾಡುತ್ತದಾ, ಅಥವಾ ನಾವು ಯಾರಾದರೂ ಎಂಎಲ್‌ಎ ಹಿಡಿಯಬೇಕಾ?

ಭಟ್ಕಳದಿಂದ

ತಂಗಿ, ಹೆದರಬೇಡಿ. ನಾನು ಕೊಲ್ಲಿಯಲ್ಲಿ ದುಡಿದು ಬಂದವನು, ಇಂಥ ಹುಡುಗರನ್ನು ರಾಯಭಾರ ಕಚೇರಿಗೆ ಕರೆದುಕೊಂಡು ಹೋಗಿದ್ದೇನೆ. ಕೆಲಸಗಾರರ ಪಾಸ್‌ಪೋರ್ಟನ್ನು ಕಂಪನಿ ಇಟ್ಟುಕೊಳ್ಳುವುದು ಅಲ್ಲಿನ ದೇಶಗಳಲ್ಲೂ ಕಾನೂನಿಗೆ ವಿರುದ್ಧವೇ, ಆದರೂ ನಡೆಯುತ್ತದೆ. ಕೊಲ್ಲಿಯ ನಮ್ಮ ಎಲ್ಲ ರಾಯಭಾರ ಕಚೇರಿಗಳಲ್ಲೂ ಕಾರ್ಮಿಕ ವಿಭಾಗ ಅಂತ ಇದೆ. ಮುಕ್ತ ಸಭೆ ಕೂಡ ನಡೆಸುತ್ತಾರೆ, ನೇರ ಹೋಗಿ ಹೇಳಿಕೊಳ್ಳಬಹುದು.

ಮೊದಲು ಸಚಿವಾಲಯದ ದೂರು ಜಾಲತಾಣ ‘ಮದದ್’ ಪೋರ್ಟಲ್‌ನಲ್ಲಿ ನೀವೇ ಇಲ್ಲಿಂದ ದೂರು ಹಾಕಿ. 2015ರಿಂದ ಇದೆ. ಮನೆಯವರೂ ಹಾಕಬಹುದು. ದೂರಿಗೆ ಒಂದು ಸಂಖ್ಯೆ ಸಿಗುತ್ತದೆ, ಅದು ಸಂಬಂಧಪಟ್ಟ ರಾಯಭಾರ ಕಚೇರಿಗೆ ಹೋಗುತ್ತದೆ, ಯಾರ ಮೇಜಿನ ಮೇಲಿದೆ ಅಂತ ನೋಡಬಹುದು. ಎಂಎಲ್‌ಎ ಹತ್ತಿರ ಹೋದರೂ ಕೊನೆಗೆ ಅವರು ಬರೆಯುವುದು ಇಲ್ಲಿಗೇ. ಸಂಸದರ ಮೂಲಕ ಪತ್ರ ಬರೆಸಿದರೆ ಸ್ವಲ್ಪ ಒತ್ತಡ ಬೀಳುತ್ತದೆ, ಅದನ್ನೂ ಮಾಡಿ, ತಪ್ಪಿಲ್ಲ.

ಒಂದು ಕೇಳಬೇಕು. ತಮ್ಮ ಹೋಗಿದ್ದು ಕೆಲಸದ ವೀಸಾದಲ್ಲಾ, ವಿಸಿಟ್ ವೀಸಾದಲ್ಲಾ? ಎಸ್‌ಎಸ್‌ಎಲ್‌ಸಿ ಪಾಸಾಗಿದ್ದಾನಾ? ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್ ಅಂತ ಇರುತ್ತದೆ. ಅವರು ಕೊಲ್ಲಿ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು. ಆ ಅನುಮತಿ ಕೊಡುವ ಸರ್ಕಾರಿ ಜಾಲತಾಣ ಇ-ಮೈಗ್ರೇಟ್ ಮೂಲಕ ಹೋಗಿದ್ದರೆ ಒಪ್ಪಂದದ ಪ್ರತಿ ಸರ್ಕಾರದ ಬಳಿಯೇ ಇರುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆ ಅಂತ 10 ಲಕ್ಷದ ವಿಮೆಯೂ ಆಗಿರುತ್ತದೆ. ಏಜೆಂಟ್ ವಿಸಿಟ್ ವೀಸಾದಲ್ಲಿ ಕಳಿಸಿದ್ದರೆ ಇದ್ಯಾವುದೂ ಇರುವುದಿಲ್ಲ, ಕೆಲಸ ಕಷ್ಟ. ಆದರೂ ದಾರಿ ಇದೆ.

ಕಡಲಮಗಳು

ಅಣ್ಣಾ, ತುಂಬಾ ಉಪಕಾರ. ಕೆಲಸದ ವೀಸಾವೇ. ಅವನು ಪಿಯುಸಿ ಮುಗಿಸಿದ್ದಾನೆ, ಹಾಗಾಗಿ ಆ ಅನುಮತಿ ಬೇಕಾಗಲಿಲ್ಲ ಅಂತ ಏಜೆಂಟ್ ಹೇಳಿದ್ದರು. ಒಪ್ಪಂದದ ಫೋಟೊ ಫೋನಿನಲ್ಲಿ ಇದೆ. ಇವತ್ತೇ ದೂರು ಹಾಕುತ್ತೇನೆ.

ಮಲೆನಾಡಿಗ_77

ಜೈಲಿಗೆ ಹೋದವರ ವಿಷಯದಲ್ಲಿ ಏನಾಗುತ್ತದೆ? ಕತಾರ್‌ನಲ್ಲಿ ನೌಕಾಪಡೆಯ ನಿವೃತ್ತ ಸಿಬ್ಬಂದಿಗೆ ಮರಣದಂಡನೆ ಆದಾಗ ಸರ್ಕಾರ ಏನನ್ನೂ ಬಾಯಿ ಬಿಡಲಿಲ್ಲ ಅಂತ ಎಲ್ಲರೂ ಬೈದರು. ಆಮೇಲೆ ಅವರು ಬಂದೇ ಬಿಟ್ಟರು.

ಕಾನೂನು_ಮೇಷ್ಟ್ರು

ಕಾನ್ಸುಲರ್ ಒಪ್ಪಂದದ 36ನೇ ವಿಧಿ. ಪರದೇಶದವರನ್ನು ಬಂಧಿಸಿದರೆ ಅವರ ಹಕ್ಕನ್ನು ತಡಮಾಡದೆ ತಿಳಿಸಬೇಕು. ಅವರು ಕೇಳಿದರೆ ಅವರ ದೇಶದ ಕಚೇರಿಗೆ ಸುದ್ದಿ ಮುಟ್ಟಿಸಬೇಕು, ಅಧಿಕಾರಿ ಹೋಗಿ ಕಾಣಲು ಬಿಡಬೇಕು. ಪಾಕಿಸ್ತಾನದ ಜೈಲಿನಲ್ಲಿರುವ ಭಾರತೀಯ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಆ ದೇಶ ಇದನ್ನು ಮುರಿದಿದೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2019ರ ಜುಲೈ 17ರಂದು ತೀರ್ಪು ಕೊಟ್ಟಿತು. ಭೇಟಿ ಮಾಡಬಹುದು, ವಕೀಲರನ್ನು ಹಿಡಿದುಕೊಡಬಹುದು, ಮನೆಗೆ ಸುದ್ದಿ ಮುಟ್ಟಿಸಬಹುದು. ಜೈಲಿನ ಬಾಗಿಲು ತೆಗೆಸುವ ಅಧಿಕಾರ ಮಾತ್ರ ಯಾವ ರಾಯಭಾರಿಗೂ ಇಲ್ಲ.

ಕತಾರ್‌ನ ಎಂಟು ಜನರಿಗೆ ಶಿಕ್ಷೆಯಾದದ್ದು 2023ರ ಅಕ್ಟೋಬರ್ 26ಕ್ಕೆ. ಡಿಸೆಂಬರ್ 28ಕ್ಕೆ ಮೇಲ್ಮನವಿ ನ್ಯಾಯಾಲಯ ಮರಣದಂಡನೆ ರದ್ದು ಮಾಡಿ ಜೈಲುಶಿಕ್ಷೆಗೆ ಇಳಿಸಿತು. 2024ರ ಫೆಬ್ರುವರಿ 12ರಂದು ಬಿಡುಗಡೆಯ ಸುದ್ದಿ ಬಂತು. ನಡುವೆ ಡಿಸೆಂಬರ್ ಮೊದಲಿಗೆ ದುಬೈನಲ್ಲಿ ಪ್ರಧಾನಿ ಮತ್ತು ಕತಾರ್ ಅಮೀರರ ಭೇಟಿಯಾಗಿತ್ತು. ಆ ತಿಂಗಳುಗಳಲ್ಲಿ ವಕ್ತಾರರು ದಿನಾ ಗುಡುಗಿದ್ದರೆ, ಅಮೀರರು ಬಿಡಲು ಮನಸ್ಸು ಮಾಡಿದರೂ ಒತ್ತಡಕ್ಕೆ ಬಗ್ಗಿದಂತೆ ಕಾಣುತ್ತಿತ್ತು. ಎದುರಿನವರ ಮಾನಕ್ಕೆ ಜಾಗ ಬಿಡುವುದು ಈ ಕೆಲಸದ ದೊಡ್ಡ ಪಾಠ ಅಂತ ನನ್ನ ಎಣಿಕೆ.

ಹಳೇಕಡತ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬಾಗಿಲು ಮುಚ್ಚಿದೆ ಅನ್ನಿಸಿದಾಗಲೂ ಒಂದು ಕಿಂಡಿ ತೆರೆದೇ ಇರುತ್ತದೆ. 2019ರ ಆಗಸ್ಟ್‌ನಿಂದ ಭಾರತ–ಪಾಕಿಸ್ತಾನಗಳ ನಡುವೆ ಹೈಕಮಿಷನರ್‌ಗಳೇ, ಅಂದರೆ ರಾಯಭಾರಿಗಳೇ ಇಲ್ಲ. 2020ರಲ್ಲಿ ಸಿಬ್ಬಂದಿಯನ್ನು ಅರ್ಧಕ್ಕೆ ಇಳಿಸಿದರು, 2025ರಲ್ಲಿ 55ರಿಂದ 30ಕ್ಕೆ. ಆದರೂ ಪ್ರತಿ ಜನವರಿ 1ಕ್ಕೆ ಎರಡೂ ದೇಶ ತಮ್ಮ ಅಣುಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತವೆ, ಪರಸ್ಪರ ದಾಳಿ ಮಾಡಬಾರದು ಎಂಬ 1988ರ ಒಪ್ಪಂದದಂತೆ. 1992ರಿಂದ ಇದು ತಪ್ಪಿಲ್ಲ, ಕಾರ್ಗಿಲ್ ಆದ ಮೇಲೂ ತಪ್ಪಲಿಲ್ಲ. ಜೈಲಿನಲ್ಲಿರುವ ಕೈದಿಗಳು ಮತ್ತು ಮೀನುಗಾರರ ಪಟ್ಟಿ ಜನವರಿ 1 ಮತ್ತು ಜುಲೈ 1ಕ್ಕೆ. ಆ ಪಟ್ಟಿಯಲ್ಲಿ ಹೆಸರು ಬಂದರೆ ಗುಜರಾತಿನ ಯಾವುದೋ ಮೀನುಗಾರರ ಮನೆಯಲ್ಲಿ ಮಗ ಬದುಕಿದ್ದಾನೆ ಅಂತ ಗೊತ್ತಾಗುತ್ತದೆ. ಟಿವಿಯಲ್ಲಿ ಅದು ಎರಡು ಸಾಲಿನ ಸುದ್ದಿ. ನನ್ನ ಮಟ್ಟಿಗೆ ಇಡೀ ಸಚಿವಾಲಯ ಇರುವುದೇ ಇಂಥದ್ದಕ್ಕೆ.

ನನ್ನ ನಿಜವಾದ ಸಂಕಟ ಬೇರೆ. ಇಷ್ಟೆಲ್ಲ ಮಾಡಬೇಕಾದವರು ಎಷ್ಟು ಜನ? ವಿದೇಶಾಂಗ ಸೇವೆಯ ‘ಎ’ ಶಾಖೆಯ ಅಧಿಕಾರಿಗಳು ಸುಮಾರು ಒಂದು ಸಾವಿರ. ಪ್ರಪಂಚದಾದ್ಯಂತ ನಮ್ಮ ಕಚೇರಿಗಳು ಸುಮಾರು 200. ದೆಹಲಿಯ ಡೆಸ್ಕ್‌ಗಳನ್ನೂ ಅವರೇ ನೋಡಬೇಕು. ಸಂಸತ್ತಿನ ಸ್ಥಾಯಿ ಸಮಿತಿ ಇದು ಸಾಲದು ಅಂತ ಮತ್ತೆ ಮತ್ತೆ ಬರೆದಿದೆ. 2024–25ರ ಬಜೆಟ್‌ನಲ್ಲಿ ಸಚಿವಾಲಯಕ್ಕೆ ಸಿಕ್ಕಿದ್ದು ಸುಮಾರು 22 ಸಾವಿರ ಕೋಟಿ ರೂಪಾಯಿ, ಕೇಂದ್ರದ ಒಟ್ಟು ವೆಚ್ಚದಲ್ಲಿ ಶೇ 0.5 ಕೂಡ ಅಲ್ಲ. ಅದರಲ್ಲಿ ಭೂತಾನ್ ಒಂದಕ್ಕೇ 2 ಸಾವಿರ ಕೋಟಿಗೂ ಹೆಚ್ಚು ನೆರವು ಹೋಗುತ್ತದೆ. ಆ ನೆರವು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಡಲಮಗಳು ಹಾಕುವ ದೂರನ್ನು ಓದಲು ಒಬ್ಬ ಮನುಷ್ಯ ಇರಬೇಕಲ್ಲ? ಚಿಕ್ಕ ದೇಶಗಳ ಕಚೇರಿಯಲ್ಲಿ ರಾಯಭಾರಿಯನ್ನು ಬಿಟ್ಟರೆ ಬೆರಳೆಣಿಕೆಯ ಜನ. ಅದೇ ಅಧಿಕಾರಿ ಬೆಳಿಗ್ಗೆ ವ್ಯಾಪಾರ ನಿಯೋಗ ನೋಡಿ, ಮಧ್ಯಾಹ್ನ ಶವಾಗಾರಕ್ಕೆ ಹೋಗಿ, ಸಂಜೆ ಗೂಢಲಿಪಿ ಸಂದೇಶ ಬರೆಯಬೇಕು. ಶವ ಕಳಿಸಬೇಕೆಂದರೆ ಅಲ್ಲಿನ ಮರಣ ಪ್ರಮಾಣಪತ್ರ, ಪೊಲೀಸರ ಕಾಗದ, ಕೆಡದಂತೆ ಸಂಸ್ಕರಿಸಿದ ಪತ್ರ, ಪಾಸ್‌ಪೋರ್ಟ್ ರದ್ದತಿ, ನಮ್ಮ ಕಚೇರಿಯ ನಿರಾಕ್ಷೇಪಣಾ ಪತ್ರ ಎಲ್ಲ ಒಂದಾದ ಮೇಲೆ ಒಂದು ಆಗಬೇಕು. ನಡುವೆ ಊರಿನಿಂದ ಫೋನು ಬರುತ್ತಲೇ ಇರುತ್ತದೆ. ಆ ಫೋನಿಗೆ ಉತ್ತರಿಸಿದವನು ನಾನು. ಕಡತ ತಡವಾಗುವುದು ಸೋಮಾರಿತನದಿಂದ ಅಂತ ಯಾರಾದರೂ ಹೇಳಿದರೆ ನನಗೆ ನೋವಾಗುತ್ತದೆ.

ಪರೀಕ್ಷಾರ್ಥಿ_ಹಾಸನ

ಸರ್, ನಾನು ಕೇಂದ್ರ ಸರ್ಕಾರಿ ನೌಕರಿಯ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಗೆ ಓದುತ್ತಿದ್ದೇನೆ. ವಿದೇಶಾಂಗದ ಎಎಸ್‌ಒ (ಸಹಾಯಕ ಶಾಖಾಧಿಕಾರಿ) ಹುದ್ದೆಯನ್ನೇ ಮೊದಲ ಆಯ್ಕೆಗೆ ಹಾಕು ಅಂತಾರೆ ಸ್ನೇಹಿತರು. ನಿಜವಾಗಿ ಹೇಗಿದೆ?

ಹಳೇಕಡತ

ಹಾಕಪ್ಪ, ಆದರೆ ಫೋಟೊ ನೋಡಿ ಹಾಕಬೇಡ. ನೀನು ಸೇರುವುದು ‘ಬಿ’ ಶಾಖೆಗೆ. ಕೆಲ ಕಾಲ ದೆಹಲಿ, ಆಮೇಲೆ ಹೊರದೇಶ, ಹೊರಗೆ ಹೋದಾಗ ವಿದೇಶ ಭತ್ಯೆ ಚೆನ್ನಾಗಿರುತ್ತದೆ. ಯುರೋಪೇ ಸಿಗುತ್ತದೆ ಅಂತಿಲ್ಲ. ಮಲೇರಿಯಾ ಇರುವ ಊರು, ಕರೆಂಟಿಲ್ಲದ ಊರು, ಬಾಂಬು ಬೀಳುವ ಊರು ಎಲ್ಲವೂ ಪಟ್ಟಿಯಲ್ಲಿವೆ. ಮಕ್ಕಳ ಶಾಲೆ ಪದೇಪದೇ ಬದಲಾಗುತ್ತದೆ, ಅಪ್ಪ–ಅಮ್ಮನಿಗೆ ಹುಷಾರಿಲ್ಲದಾಗ ನೀನು ಸಾವಿರಾರು ಮೈಲಿ ದೂರದಲ್ಲಿರುತ್ತೀಯ. ಇದಕ್ಕೆ ಮನಸ್ಸು ಗಟ್ಟಿಯಿದ್ದರೆ ಇಷ್ಟು ವೈವಿಧ್ಯದ ಕೆಲಸ ಬೇರೆಲ್ಲೂ ಇಲ್ಲ. ಯುಪಿಎಸ್‌ಸಿ ಮೂಲಕ ಐಎಫ್‌ಎಸ್‌ಗೆ, ಅಂದರೆ ‘ಎ’ ಶಾಖೆಗೆ ಹೋದರೆ ಮಸ್ಸೂರಿಯ ಬುನಾದಿ ತರಬೇತಿ, ದೆಹಲಿಯ ಸುಷ್ಮಾ ಸ್ವರಾಜ್ ಸಂಸ್ಥೆಯಲ್ಲಿ ತರಬೇತಿ, ಮೊದಲ ಹೊರದೇಶದ ನೇಮಕದಲ್ಲೇ ಒಂದು ಪರಭಾಷೆ ಕಡ್ಡಾಯ. ಅರಬ್ಬಿ, ಚೀನೀ, ರಷ್ಯನ್ ಕಲಿತವರಿಗೆ ಅದು ಜೀವಮಾನದ ಆಸ್ತಿ.

ತುಂಗಾತೀರ

ನಾನು ಕೇಳಿದ್ದಕ್ಕಿಂತ ಎಷ್ಟೋ ಹೆಚ್ಚು ಸಿಕ್ಕಿತು. ಇನ್ನೊಂದೇ ಪ್ರಶ್ನೆ. ಇದರಲ್ಲಿ ರಾಜ್ಯಗಳಿಗೆ ಏನೂ ಪಾತ್ರ ಇಲ್ಲವಾ? ಕೊಲ್ಲಿಗೆ ಹೋಗುವವರು ಕರಾವಳಿಯವರು, ಅಮೆರಿಕಕ್ಕೆ ಹೋಗುವವರು ಬೆಂಗಳೂರಿನವರು. ನಿರ್ಧಾರ ಮಾತ್ರ ದೆಹಲಿಯದ್ದು.

ಕಾನೂನು_ಮೇಷ್ಟ್ರು

ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ ವಿದೇಶ ವ್ಯವಹಾರ, ರಾಯಭಾರ, ಒಪ್ಪಂದ ಎಲ್ಲವೂ ಇವೆ. 253ನೇ ವಿಧಿಯಂತೆ ಒಪ್ಪಂದ ಜಾರಿಗೆ ತರಲು ಸಂಸತ್ತು ರಾಜ್ಯಪಟ್ಟಿಯ ವಿಷಯದ ಮೇಲೂ ಕಾನೂನು ಮಾಡಬಹುದು. 2024ರಲ್ಲಿ ಕೇರಳ ಸರ್ಕಾರ ಐಎಎಸ್ ಅಧಿಕಾರಿಯೊಬ್ಬರಿಗೆ ಬಾಹ್ಯ ಸಹಕಾರದ, ಅಂದರೆ ಹೊರದೇಶಗಳ ಜೊತೆಗಿನ ವ್ಯವಹಾರದ ಹೊಣೆ ಕೊಟ್ಟಾಗ, ಇದು ಕೇಂದ್ರದ ಅಧಿಕಾರ ಎಂದು ಸಚಿವಾಲಯ ಖಡಕ್ಕಾಗಿ ಹೇಳಿತು.

ಕಾಗದದ ಮೇಲೆ ಹೀಗೆ. ನಡೆಯುವುದು ಸ್ವಲ್ಪ ಬೇರೆ. 2011ರಲ್ಲಿ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಒಪ್ಪದ ಕಾರಣ ಬಾಂಗ್ಲಾದೇಶದೊಂದಿಗಿನ ತೀಸ್ತಾ ನದಿ ಒಪ್ಪಂದ ಸಹಿಯ ಹೊಸ್ತಿಲಲ್ಲಿ ನಿಂತಿತು. ಅದೇ ದೇಶದೊಂದಿಗಿನ ಭೂಗಡಿ ಒಪ್ಪಂದಕ್ಕೆ 2015ರಲ್ಲಿ ಸಂವಿಧಾನದ 100ನೇ ತಿದ್ದುಪಡಿಯೇ ಬೇಕಾಯಿತು. ದೇಶದ ನೆಲ ಬಿಟ್ಟುಕೊಡುವುದಾದರೆ ತಿದ್ದುಪಡಿ ಬೇಕು ಎಂದು ಬೇರುಬಾರಿ ಪ್ರಕರಣದಲ್ಲಿ 1960ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಉಳಿದ ಒಪ್ಪಂದಗಳಿಗೆ ಸಂಸತ್ತಿನ ಒಪ್ಪಿಗೆ ಬೇಕೆಂಬ ನಿಯಮ ನಮ್ಮಲ್ಲಿಲ್ಲ, ಸಚಿವ ಸಂಪುಟ ಒಪ್ಪಿದರೆ ಸಾಕು. ನನಗೆ ಇದು ಸರಿ ಕಾಣುವುದಿಲ್ಲ. ರೈತನ ಬೆಳೆಗೆ, ಔಷಧದ ಬೆಲೆಗೆ ಸಂಬಂಧಿಸಿದ ಒಪ್ಪಂದಗಳು ಸಹಿಯಾಗುವ ಮುನ್ನ ಸಂಸತ್ತಿನಲ್ಲಿ ಚರ್ಚೆಯಾಗಬೇಕು.

ಹಳೇಕಡತ

ಮೇಷ್ಟ್ರೇ, ಇದರಲ್ಲಿ ನನಗೆ ಭಿನ್ನಾಭಿಪ್ರಾಯ ಇದೆ. ಕರಡು ಮೊದಲೇ ಬಹಿರಂಗವಾದರೆ ನಾವು ಎಲ್ಲಿವರೆಗೆ ಬಗ್ಗುತ್ತೇವೆ ಅಂತ ಎದುರಿನವರಿಗೆ ತಿಳಿದುಹೋಗುತ್ತದೆ. ಸಹಿಯಾದ ಮೇಲೆ, ಅನುಮೋದನೆಗೆ ಮುನ್ನ ಚರ್ಚೆ ಆಗಲಿ ಅಂದರೆ ಒಪ್ಪುತ್ತೇನೆ.

ರಾಜ್ಯಗಳ ವಿಷಯಕ್ಕೆ 2014ರಲ್ಲಿ ಸಚಿವಾಲಯದಲ್ಲೇ ರಾಜ್ಯಗಳ ವಿಭಾಗ ಶುರುವಾಯಿತು. ಸಾಮಾನ್ಯರಿಗೆ ಹತ್ತಿರವಾದದ್ದು ಪಾಸ್‌ಪೋರ್ಟ್ ಮೂಲಕ. ಪಾಸ್‌ಪೋರ್ಟ್ ಸೇವಾ ಕೇಂದ್ರಗಳು 2010ರಲ್ಲಿ ಪ್ರಾಯೋಗಿಕವಾಗಿ ಶುರುವಾದ ಕಡೆಗಳಲ್ಲಿ ಬೆಂಗಳೂರೂ ಇತ್ತು. ಅಂಚೆ ಕಚೇರಿಯೊಳಗಿನ ಪಾಸ್‌ಪೋರ್ಟ್ ಕೇಂದ್ರ ಮೊದಲು ತೆರೆದದ್ದು ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ, 2017ರ ಜನವರಿಯಲ್ಲಿ. 2025ರ ಜನವರಿಯಲ್ಲಿ ಬೆಂಗಳೂರಿಗೆ ಅಮೆರಿಕದ ಕಾನ್ಸುಲೇಟ್ ಬಂತು, ಶುರುವಿನಲ್ಲಿ ವೀಸಾ ಸೇವೆ ಇರಲಿಲ್ಲ.

ಕಡಲಮಗಳು

ದೂರು ದಾಖಲಾಯಿತು, ಸಂಖ್ಯೆ ಬಂದಿದೆ. ತಮ್ಮನಿಗೂ ಕಳಿಸಿದೆ. ಅವನು ಈಗಲೂ ರಾಯಭಾರ ಕಚೇರಿಗೆ ಹೋಗಲು ಹಿಂಜರಿಯುತ್ತಿದ್ದಾನೆ. ಹೋದರೆ ಏನೇನು ತೆಗೆದುಕೊಂಡು ಹೋಗಬೇಕು?

ಭಟ್ಕಳದಿಂದ

ರಜೆ ದಿನದ ಮುಕ್ತ ಸಭೆ ಯಾವಾಗ ಅಂತ ರಾಯಭಾರ ಕಚೇರಿಯ ಪುಟದಲ್ಲಿ ನೋಡಿ ಅಂದೇ ಹೋಗಲಿ, ಕೆಲಸ ತಪ್ಪಿಸಿದ ಹಾಗೆ ಆಗುವುದಿಲ್ಲ. ಅದೇ ಕಂಪನಿಯ ಇನ್ನೂ ಕೆಲವರಿಗೆ ಸಂಬಳ ಬಂದಿಲ್ಲವಾದರೆ ಎಲ್ಲರೂ ಒಟ್ಟಿಗೆ ಹೋಗಿ ಒಂದೇ ದೂರು ಬರೆದು ಸಹಿ ಹಾಕಲಿ. ಒಬ್ಬನೇ ಹೋದರೆ ಕಂಪನಿಯವರು ಅವನೊಬ್ಬನನ್ನೇ ಹಿಡಿಯುತ್ತಾರೆ. ಪಾಸ್‌ಪೋರ್ಟಿನ ನಕಲು, ಅಲ್ಲಿನ ಗುರುತಿನ ಚೀಟಿ, ಒಪ್ಪಂದದ ಪ್ರತಿ, ಸಂಬಳ ಕೊನೆಯ ಸಲ ಬಂದ ಬ್ಯಾಂಕ್ ಸಂದೇಶ, ಏಜೆಂಟಿನ ಹೆಸರು ಮತ್ತು ಕೊಟ್ಟ ಹಣದ ರಸೀದಿ. ಒರಿಜಿನಲ್ ಯಾವುದನ್ನೂ ಯಾರ ಕೈಗೂ ಕೊಡಬಾರದು.

ಹಳೇಕಡತ

ಇದಕ್ಕೆ ಒಂದು ಸೇರಿಸಿಕೊಳ್ಳಿ ತಾಯಿ. ಬಾಯಲ್ಲಿ ಹೇಳಿ ಬರಬಾರದು. ಬರೆದು ಕೊಟ್ಟು, ಪ್ರತಿಯ ಮೇಲೆ ಸ್ವೀಕರಿಸಿದ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಲಿ. ಮದದ್ ಸಂಖ್ಯೆಯನ್ನು ಅದೇ ಅರ್ಜಿಯ ಮೇಲ್ಭಾಗದಲ್ಲಿ ಬರೆಯಲಿ, ಆಗ ದೆಹಲಿಯ ಕಡತವೂ ಅಲ್ಲಿನ ಕಡತವೂ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಪಾಸ್‌ಪೋರ್ಟ್ ವಾಪಸು ಬರದೆ ಊರಿಗೆ ಬರಲೇಬೇಕಾದ ಸ್ಥಿತಿ ಬಂದರೆ ತುರ್ತು ಪ್ರಮಾಣಪತ್ರ ಅಂತ ಒಂದೇ ಸಲದ ಪ್ರಯಾಣಕ್ಕೆ ಕೊಡುತ್ತಾರೆ. ಟಿಕೆಟ್ಟಿಗೂ ಗತಿಯಿಲ್ಲ ಅಂದರೆ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ, 2009ರಿಂದ. ಆ ನಿಧಿಯ ಹೆಸರೆತ್ತಿ ಕೇಳಲಿ. ಆದರೆ ಸಂಬಳದ ಕೇಸು ಅಲ್ಲಿನ ಕಾರ್ಮಿಕ ನ್ಯಾಯಾಲಯದಲ್ಲಿ ದಾಖಲಾಗುವ ಮುನ್ನ ದೇಶ ಬಿಟ್ಟರೆ ಬಾಕಿ ಹಣ ಕೈಬಿಟ್ಟ ಹಾಗೆಯೇ. ಹೊರಡಲೇಬೇಕಾದರೆ ಕೇಸು ನಡೆಸಲು ರಾಯಭಾರ ಕಚೇರಿಗೆ ಅಧಿಕಾರ ಪತ್ರ ಕೊಟ್ಟು ಹೊರಡಲಿ. ಅಮ್ಮನಿಗೆ ಊಟ ಮಾಡಲು ಹೇಳಿ.